ನಿಮ್ಮ ಪ್ರೊಸೆಸರ್‌ಗೆ ಏನೇನು ಗೊತ್ತು?

ಕವಿತಾಳ, ಸಿರವಾರ, ಮಾನ್ವಿ, ದೇವದುರ್ಗದ ಕಡೆ ಓದುವ ಹುಡುಗರ ಮನೆಗೆ ಬರುವ ಮೊದಲ ಕಂಪ್ಯೂಟರ್ ಹೊಸದಾಗಿರುವುದು ಅಪರೂಪ. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಯಾವುದೋ ಕಂಪನಿ ನಾಲ್ಕೈದು ವರ್ಷ ದುಡಿಸಿಕೊಂಡು ಮಾರಿದ ಲ್ಯಾಪ್‌ಟಾಪ್ ರಾಯಚೂರಿನ ಅಂಗಡಿಗೆ ಬಂದು, ಅಲ್ಲಿಂದ ಊರು ಸೇರುತ್ತದೆ. ಕೊಳ್ಳುವವರು ಕೇಳುವುದು ಮೂರೇ ಮಾತು: ಐ3ನೋ ಐ5ಓ, ರ್ಯಾಮ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ. ಈ ಪ್ರೊಸೆಸರ್‌ಗೆ ಯಾವ ಯಾವ ಆಜ್ಞೆಗಳು ಗೊತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಕಾಲ ಈಗ ಬಂದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಬಹುಮಟ್ಟಿಗೆ ಒಪ್ಪುವುದಿಲ್ಲ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಳ್ಳಿ ಎಂಬ ಸಲಹೆ ಸರಿಯಾದದ್ದೇ. ಆದರೆ ಲಿನಕ್ಸ್‌ನಲ್ಲೂ ಕೆಲವು ಬಾಗಿಲು ಮುಚ್ಚುತ್ತಿವೆ, ಕೆಲವು ತೆರೆದೇ ಇವೆ. ಯಾವ ಬಾಗಿಲು ಯಾಕೆ ಮುಚ್ಚಿತು ಎಂದು ತಿಳಿಯಬೇಕಾದರೆ ಪ್ರೊಸೆಸರ್‌ನ ಒಳಗೆ ಸ್ವಲ್ಪ ಇಣುಕಬೇಕು.

ಪ್ರೊಸೆಸರ್‌ಗೆ ಗೊತ್ತಿರುವುದು ಚಿಕ್ಕಚಿಕ್ಕ ಆಜ್ಞೆಗಳು ಮಾತ್ರ: ಈ ಎರಡು ಸಂಖ್ಯೆ ಕೂಡು, ಇದನ್ನು ಅಲ್ಲಿಡು, ಸೊನ್ನೆಯಾಗಿದ್ದರೆ ಅತ್ತ ಜಿಗಿ. ಸಿ ಭಾಷೆಯಲ್ಲೋ ಇನ್ನೊಂದರಲ್ಲೋ ಬರೆದ ಸೋರ್ಸ್ ಕೋಡನ್ನು ಈ ಆಜ್ಞೆಗಳಿಗೆ ಇಳಿಸುವ ತಂತ್ರಾಂಶವೇ ಕಂಪೈಲರ್. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುವ ಎಕ್ಸ್86 ಕುಟುಂಬದ ಆಜ್ಞೆಗಳ ಪಟ್ಟಿ ಒಂದೇ ಸಲ ಬರೆದು ಮುಗಿಸಿದ್ದಲ್ಲ. 1999ರಲ್ಲಿ ಪೆಂಟಿಯಂ 3ರೊಂದಿಗೆ ಎಸ್‌ಎಸ್‌ಇ ಬಂತು. 2003ರಲ್ಲಿ ಎಎಂಡಿ ಕಂಪನಿ 64 ಬಿಟ್‌ನ ಆಪ್ಟೆರಾನ್ ತಂದಾಗ ಎಸ್‌ಎಸ್‌ಇ 2 ಕಡ್ಡಾಯವಾಯಿತು. 2011ರಲ್ಲಿ ಎವಿಎಕ್ಸ್, 2013ರಲ್ಲಿ ಎವಿಎಕ್ಸ್ 2, ಆಮೇಲೆ ಎವಿಎಕ್ಸ್ 512. ಹಳೆಯ ಆಜ್ಞೆ ಯಾವುದನ್ನೂ ಸುಲಭವಾಗಿ ಕೈಬಿಡದೆ, ಹೊಸದನ್ನು ಸೇರಿಸುತ್ತಲೇ ಬಂದರು.

ಈ ಹೊಸ ಆಜ್ಞೆಗಳು ಮಾಡುವುದೇನು? ಎರೆ ಹೊಲದಲ್ಲಿ ಜೋಳ ಬಿತ್ತುವ ಕೂರಿಗೆಯನ್ನು ನೆನೆಯಿರಿ. ಒಂದೇ ತಾಳಿದ್ದರೆ ಎತ್ತು ಒಂದು ಸಲ ಹೋದಾಗ ಒಂದು ಸಾಲು, ನಾಲ್ಕು ತಾಳಿದ್ದರೆ ಅದೇ ನಡಿಗೆಯಲ್ಲಿ ನಾಲ್ಕು ಸಾಲು. ಎಸ್‌ಎಸ್‌ಇಯ ಒಂದು ಆಜ್ಞೆ 32 ಬಿಟ್‌ನ ನಾಲ್ಕು ಸಂಖ್ಯೆಗಳನ್ನು ಒಟ್ಟಿಗೆ ಕೂಡಬಲ್ಲದು. ಎವಿಎಕ್ಸ್‌ಗೆ ಎಂಟು ತಾಳು, ಎವಿಎಕ್ಸ್ 512ಕ್ಕೆ ಹದಿನಾರು. ಫೋಟೊ ಚಿಕ್ಕದು ಮಾಡುವಾಗ, ವಿಡಿಯೊ ಬಿಡಿಸುವಾಗ, ಹವಾಮಾನದ ಲೆಕ್ಕ ಹಾಕುವಾಗ ಒಂದೇ ಕೆಲಸವನ್ನು ಲಕ್ಷಾಂತರ ಸಂಖ್ಯೆಗಳ ಮೇಲೆ ಮಾಡಬೇಕಾಗುತ್ತದೆ. ಅಲ್ಲೆಲ್ಲ ಈ ತಾಳುಗಳಿಂದ ನಿಜವಾದ ಲಾಭವಿದೆ. ಆದರೆ ಕೂರಿಗೆ ಮನೆಯಲ್ಲಿದ್ದರೆ ಸಾಲದು, ಹೊಲಕ್ಕೆ ಹೂಡಬೇಕು. ಪ್ರೊಸೆಸರ್‌ನಲ್ಲಿ ಎಂಟು ತಾಳಿನ ಆಜ್ಞೆ ಇದ್ದರೂ ಅದನ್ನು ಬಳಸುವಂತೆ ಕಂಪೈಲ್ ಮಾಡದ ತಂತ್ರಾಂಶ ಅದನ್ನು ಮುಟ್ಟುವುದೇ ಇಲ್ಲ.

ಸಿದ್ಧವಾಗಿ ಸಿಗುವ ಲಿನಕ್ಸ್‌ಗಳ ತೊಡಕು ಇಲ್ಲೇ ಇದೆ. ಲಕ್ಷಾಂತರ ಬಗೆಯ ಕಂಪ್ಯೂಟರ್‌ಗಳಿಗೆ ಒಂದೇ ಕಡತ ಹೋಗಬೇಕಾದ್ದರಿಂದ ಅದನ್ನು ತಯಾರಿಸುವವರು ಎಲ್ಲ ಯಂತ್ರಗಳಿಗೂ ಗೊತ್ತಿರುವ ಆಜ್ಞೆಗಳಿಗಷ್ಟೇ ಸೀಮಿತವಾಗಬೇಕು. ಅಂಥ ಲಿನಕ್ಸ್‌ಗಳಲ್ಲೊಂದಾದ ಡೆಬಿಯನ್‌ನ 64 ಬಿಟ್ ಆವೃತ್ತಿ ಇಂದಿಗೂ 2003ರ ಆ ಮೊದಲ 64 ಬಿಟ್ ಪ್ರೊಸೆಸರ್‌ನ ಮಟ್ಟಕ್ಕೇ ಕಂಪೈಲ್ ಆಗುತ್ತದೆ. ಅದರಿಂದ 64 ಬಿಟ್‌ನ ಯಾವ ಯಂತ್ರವೂ ಹೊರಗುಳಿಯುವುದಿಲ್ಲ, ಹೊಸ ಯಂತ್ರದ ಕಸುವು ಮಾತ್ರ ಕೆಲವೆಡೆ ಸುಮ್ಮನೆ ಕೂರುತ್ತದೆ. ಇನ್ನೊಂದು ದಾರಿ ಹಿಡಿದದ್ದು ಜೆಂಟೂ ಎಂಬ ಲಿನಕ್ಸ್. ಡೇನಿಯಲ್ ರಾಬಿನ್ಸ್ ಎಂಬವರು ಮೊದಲು ಈನಾಕ್ ಎಂಬ ಹೆಸರಿನಲ್ಲಿ ಶುರುಮಾಡಿದ ಈ ವ್ಯವಸ್ಥೆಯ 1.0 ಆವೃತ್ತಿ 2002ರಲ್ಲಿ ಹೊರಬಂತು. ನೀರಿನಲ್ಲಿ ಎಲ್ಲ ಪೆಂಗ್ವಿನ್‌ಗಳಿಗಿಂತ ವೇಗವಾಗಿ ಈಜುವ ಜೆಂಟೂ ಪೆಂಗ್ವಿನ್‌ನ ಹೆಸರು ಇದಕ್ಕೆ. ಇಲ್ಲಿ ತಂತ್ರಾಂಶ ಸೋರ್ಸ್ ಕೋಡ್ ರೂಪದಲ್ಲಿ ನಿಮ್ಮ ಮನೆಗೆ ಬರುತ್ತದೆ, ನಿಮ್ಮ ಯಂತ್ರದ ಮೇಲೆಯೇ, ನೀವು ಹೇಳಿದ ಪ್ರೊಸೆಸರ್‌ಗೆ ತಕ್ಕಂತೆ ಕಂಪೈಲ್ ಆಗುತ್ತದೆ.

ಇದೆಲ್ಲ ಅಮೆರಿಕದವರ ಮಾತು ಎನ್ನಿಸಬೇಕಿಲ್ಲ. ಈ ವಿಷಯಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಹುಟ್ಟಿದ್ದು ಬೆಂಗಳೂರಿನಲ್ಲಿ. 2008ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಕಂಪನಿ ಝಿಯಾನ್ 7400 ಸರಣಿಯ ಪ್ರೊಸೆಸರ್‌ಗಳನ್ನು ಬಿಡುಗಡೆ ಮಾಡಿತು. ಅದರ ಒಳಹೆಸರು ಡನ್ನಿಂಗ್ಟನ್. ಆರು ಕೋರ್, 45 ನ್ಯಾನೋಮೀಟರ್ ತಂತ್ರಜ್ಞಾನ, 190 ಕೋಟಿ ಟ್ರಾನ್ಸಿಸ್ಟರ್‌ಗಳು, 16 ಎಂಬಿವರೆಗಿನ ಹಂಚಿಕೆಯ ಕ್ಯಾಶ್. ನಾಲ್ಕು ಚಿಪ್ ಕೂಡಿಸುವ ದೊಡ್ಡ ಸರ್ವರ್‌ಗಳಿಗಾಗಿ ಮಾಡಿದ್ದು. ಒಳಗಿನ ಕೋರ್‌ಗಳು ಪೆನ್ರಿನ್ ಎಂಬ ಅದಕ್ಕೂ ಮುಂಚಿನ ವಿನ್ಯಾಸದವು. ಆರನ್ನು ಒಂದೇ ಚಿಪ್‌ನಲ್ಲಿ ಹೊಂದಿಸಿ ಈ ಪ್ರೊಸೆಸರನ್ನು ರೂಪಿಸುವ ಕೆಲಸ ಬೆಂಗಳೂರಿನ ಎಂಜಿನಿಯರ್‌ಗಳದ್ದು. ಲಿನಕ್ಸ್ ಕರ್ನೆಲ್‌ನ ಸೋರ್ಸ್ ಕೋಡ್‌ನಲ್ಲಿ ಇಂಟೆಲ್ ಪ್ರೊಸೆಸರ್‌ಗಳ ಪಟ್ಟಿ ಇರುವ ಕಡತ ತೆರೆದರೆ ಡನ್ನಿಂಗ್ಟನ್ ಎಂಬ ಹೆಸರು ಇವತ್ತಿಗೂ ಕಾಣುತ್ತದೆ: ಕುಟುಂಬ 6, ಮಾದರಿ 29. ಕನ್ನಡ ನೆಲದಲ್ಲಿ ಆದ ಕೆಲಸವೊಂದು ಜಗತ್ತಿನ ಪ್ರತಿ ಲಿನಕ್ಸ್ ಸೋರ್ಸ್‌ನಲ್ಲೂ ಹೀಗೆ ಅಚ್ಚಾಗಿರುವುದು ನನಗೆ ಹೆಮ್ಮೆಯ ಸಂಗತಿ.

ಈ ಡನ್ನಿಂಗ್ಟನ್‌ಗೆ ಏನೇನು ಗೊತ್ತು? ಎಸ್‌ಎಸ್‌ಇ 4.1 ಗೊತ್ತು, ಎಸ್‌ಎಸ್‌ಇ 4.2 ಗೊತ್ತಿಲ್ಲ. ಒಂದು ಸಂಖ್ಯೆಯಲ್ಲಿ ಎಷ್ಟು ಬಿಟ್‌ಗಳು 1 ಆಗಿವೆ ಎಂದು ಎಣಿಸುವ ಪಾಪ್‌ಕೌಂಟ್ ಎಂಬ ಆಜ್ಞೆಯೂ ಗೊತ್ತಿಲ್ಲ. ಇಂಟೆಲ್‌ನಲ್ಲಿ ಅವೆರಡೂ ಅದೇ ವರ್ಷದ ಕೊನೆಗೆ ನೆಹಾಲೆಮ್ ವಿನ್ಯಾಸದ ಜೊತೆ ಬಂದವು. ಕೆಲವೇ ವಾರಗಳ ಅಂತರ. ಆ ಅಂತರ ಹನ್ನೆರಡು ವರ್ಷ ಯಾರಿಗೂ ತೊಂದರೆ ಕೊಡಲಿಲ್ಲ. 2020ರಲ್ಲಿ ಎಎಂಡಿ, ಇಂಟೆಲ್, ರೆಡ್ ಹ್ಯಾಟ್, ಸೂಸೆ ಕಂಪನಿಗಳವರು ಕೂಡಿ 64 ಬಿಟ್‌ನ ಪ್ರೊಸೆಸರ್‌ಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದರು. ಮೊದಲ ಮಟ್ಟ 2003ರದ್ದು. ಎರಡನೆಯದಕ್ಕೆ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಬೇಕು. ಮೂರನೆಯದಕ್ಕೆ ಎವಿಎಕ್ಸ್ 2 ಮತ್ತು ಅದರ ಜೊತೆಗಾರರು, ನಾಲ್ಕನೆಯದಕ್ಕೆ ಎವಿಎಕ್ಸ್ 512. 2022ರಲ್ಲಿ ರೆಡ್ ಹ್ಯಾಟ್ ಲಿನಕ್ಸ್‌ನ ಒಂಬತ್ತನೇ ಆವೃತ್ತಿ ಎರಡನೇ ಮಟ್ಟವನ್ನು ಕಡ್ಡಾಯ ಮಾಡಿತು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯೂ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಇಲ್ಲದ ಯಂತ್ರದಲ್ಲಿ ಏಳುವುದೇ ಇಲ್ಲ. 2025ರಲ್ಲಿ ರೆಡ್ ಹ್ಯಾಟ್ ಲಿನಕ್ಸ್‌ನ ಹತ್ತನೇ ಆವೃತ್ತಿ ಮೂರನೇ ಮಟ್ಟಕ್ಕೆ ಏರಿತು. ಹೀಗೆ ಬೆಂಗಳೂರಿನ ಡನ್ನಿಂಗ್ಟನ್ ಎರಡನೇ ಮಟ್ಟದ ಹೊಸ್ತಿಲಲ್ಲೇ ಉಳಿಯಿತು. ಅಂಗಡಿಯಲ್ಲಿ ಸಿಗುವ ಮೂರನೇ ತಲೆಮಾರಿನ ಐ5, ಅಂದರೆ 2012ರ ಐವಿ ಬ್ರಿಡ್ಜ್, ಮೂರನೇ ಮಟ್ಟದ ಹೊಸ್ತಿಲಲ್ಲಿ ನಿಂತಿದೆ. ಅದಕ್ಕೆ ಎವಿಎಕ್ಸ್ ಗೊತ್ತು, ಎವಿಎಕ್ಸ್ 2 ಗೊತ್ತಿಲ್ಲ.

ಎಷ್ಟು ಹಳೆಯದು ಎಂದು ನೋಡಿದರೆ ಸಾಕಲ್ಲವೇ ಎಂದರೆ, ಸಾಲದು. 2013ರ ಹಾಸ್‌ವೆಲ್ ಐ5ಗೆ ಎವಿಎಕ್ಸ್ 2 ಗೊತ್ತಿದೆ. 2019ರಲ್ಲಿ ಬಂದ, ಕಡಿಮೆ ಬೆಲೆಯ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕೂತ ಸೆಲೆರಾನ್ ಎನ್4020ಗೆ ಎವಿಎಕ್ಸ್ ಕೂಡ ಗೊತ್ತಿಲ್ಲ. 2017ರ ಪೆಂಟಿಯಂ ಜಿ4560ರ ಕಥೆ ಇನ್ನೂ ವಿಚಿತ್ರ. ಅದರ ವಿನ್ಯಾಸ ಏಳನೇ ತಲೆಮಾರಿನ ಐ3, ಐ5ಗಳದ್ದೇ. ಆದರೆ ಕಡಿಮೆ ಬೆಲೆಗೆ ಮಾರುವುದಕ್ಕಾಗಿ ಎವಿಎಕ್ಸ್ ಆಜ್ಞೆಗಳನ್ನು ಕಂಪನಿಯೇ ಮುಚ್ಚಿಹಾಕಿದೆ. ಬಡವರ ಕೈಗೆ ಸಿಗುವ ಚಿಪ್‌ನಲ್ಲಿ ಇರುವ ಸಾಮರ್ಥ್ಯವನ್ನೂ ಕಟ್ಟಿಹಾಕುವ ಈ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಅದೇನೇ ಇರಲಿ, ಹೆಸರನ್ನೂ ವರ್ಷವನ್ನೂ ನಂಬದೆ ಪ್ರೊಸೆಸರನ್ನೇ ಕೇಳಬೇಕು.

ಕೇಳುವುದಕ್ಕೆ ಸಿಪಿಯುಐಡಿ ಎಂಬ ಆಜ್ಞೆಯೇ ಇದೆ. ಅದನ್ನು ಕೊಟ್ಟರೆ ಪ್ರೊಸೆಸರ್ ತನ್ನ ಕುಟುಂಬ, ಮಾದರಿ, ಗೊತ್ತಿರುವ ಆಜ್ಞಾಗುಂಪುಗಳು ಎಲ್ಲವನ್ನೂ ಬಿಟ್‌ಗಳ ರೂಪದಲ್ಲಿ ಒಪ್ಪಿಸುತ್ತದೆ. ಅದರ ಒಂದು ಉತ್ತರದಲ್ಲಿ 19ನೇ ಬಿಟ್ ಎಸ್‌ಎಸ್‌ಇ 4.1ಕ್ಕೆ, 20ನೆಯದು ಎಸ್‌ಎಸ್‌ಇ 4.2ಕ್ಕೆ, 23ನೆಯದು ಪಾಪ್‌ಕೌಂಟ್‌ಗೆ ಮೀಸಲು. ಡನ್ನಿಂಗ್ಟನ್‌ನಲ್ಲಿ ಮೊದಲನೆಯದು 1, ಉಳಿದೆರಡು 0. ಲಿನಕ್ಸ್‌ನ ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಎಂದು ಟೈಪ್ ಮಾಡಿದರೆ ಈ ಬಿಟ್‌ಗಳನ್ನೆಲ್ಲ ಓದಿ ‘ಫ್ಲ್ಯಾಗ್ಸ್’ ಎಂಬ ಉದ್ದನೆಯ ಸಾಲಿನಲ್ಲಿ ಹೆಸರು ಹಿಡಿದು ತೋರಿಸುತ್ತದೆ.

ಜೆಂಟೂದಲ್ಲಿ ಈ ಉತ್ತರ ಒಂದು ಕಡತಕ್ಕೆ ಹೋಗುತ್ತದೆ. ಆ ಕಡತದ ಹೆಸರು ‘ಮೇಕ್.ಕಾನ್ಫ್’. ಅದರಲ್ಲಿ ಜಿಸಿಸಿ ಕಂಪೈಲರ್‌ಗೆ ಕೊಡುವ ಸೂಚನೆಗಳ ಸಾಲೊಂದಿದೆ, ಅದರ ಮುಖ್ಯ ಪದ ‘ಎಂಆರ್ಚ್’. ಅದರ ಮುಂದೆ ಬರೆದ ಪ್ರೊಸೆಸರ್‌ನ ಆಜ್ಞೆಗಳನ್ನೆಲ್ಲ ಬಳಸಲು ಕಂಪೈಲರ್‌ಗೆ ಅನುಮತಿ ಸಿಕ್ಕಂತೆ. ‘ನೇಟಿವ್’ ಎಂದು ಬರೆದರೆ ಕಂಪೈಲರ್ ತಾನೇ ಸಿಪಿಯುಐಡಿ ಕೇಳಿ ತಿಳಿದುಕೊಳ್ಳುತ್ತದೆ. ‘ಎಂಟ್ಯೂನ್’ ಎಂಬ ಇನ್ನೊಂದು ಸೂಚನೆಯಿದೆ, ಅದು ಹೊಸ ಆಜ್ಞೆಗಳಿಗೆ ಅನುಮತಿ ಕೊಡುವುದಿಲ್ಲ, ಇರುವ ಆಜ್ಞೆಗಳ ಸರದಿಯನ್ನು ಆ ಪ್ರೊಸೆಸರ್‌ಗೆ ಒಗ್ಗುವಂತೆ ಜೋಡಿಸುತ್ತದೆ ಅಷ್ಟೇ. ಈ ವ್ಯತ್ಯಾಸ ತಿಳಿಯದೆ ಹೆಸರು ಬರೆಯಹೋದರೆ ಎರಡು ಬಗೆಯಲ್ಲಿ ಎಡವಬಹುದು. ಡನ್ನಿಂಗ್ಟನ್‌ಗೆ ಜಿಸಿಸಿ ಪಟ್ಟಿಯಲ್ಲಿ ಬೇರೆ ಹೆಸರಿಲ್ಲ, ಅದು ‘ಕೋರ್2’ ಗುಂಪಿಗೆ ಸೇರಿದೆ. ಬರೀ ‘ಕೋರ್2’ ಎಂದು ಬರೆದರೆ ಎಸ್‌ಎಸ್‌ಇ 4.1 ಬಿಟ್ಟುಹೋಗುತ್ತದೆ. ‘ನೇಟಿವ್’ ಎಂದರೆ ಕಂಪೈಲರ್ ಬಿಟ್ ನೋಡಿ ಅದನ್ನು ಸೇರಿಸಿಕೊಳ್ಳುತ್ತದೆ. ಪೆಂಟಿಯಂ ಜಿ4560ರಲ್ಲಿ ಇದರ ಉಲ್ಟಾ: ‘ಸ್ಕೈಲೇಕ್’ ಎಂದು ಹೆಸರು ಬರೆದರೆ ಇಲ್ಲದ ಎವಿಎಕ್ಸ್ ಬಳಸಲು ಹೋಗಿ ತಂತ್ರಾಂಶ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂಬ ಒಂದೇ ಸಾಲು ಬರೆದು ಸತ್ತುಹೋಗುತ್ತದೆ. ಆದ್ದರಿಂದ ತಮ್ಮ ಯಂತ್ರಕ್ಕಾಗಿ ಮಾತ್ರ ಕಂಪೈಲ್ ಮಾಡುವವರಿಗೆ ‘ನೇಟಿವ್’ ಒಂದೇ ಸರಿಯಾದ ಉತ್ತರ.

‘ಎಂಆರ್ಚ್’ ಅಲ್ಲದೆ ಜೆಂಟೂದಲ್ಲಿ ‘ಸಿಪಿಯು ಫ್ಲ್ಯಾಗ್ಸ್ ಎಕ್ಸ್86’ ಎಂಬ ಬೇರೆ ಸೂಚನೆ ಇದೆ. ವಿಡಿಯೊ, ಆಡಿಯೊ ತಂತ್ರಾಂಶಗಳಲ್ಲಿ ಕೆಲವು ಭಾಗಗಳನ್ನು ಎಂಜಿನಿಯರ್‌ಗಳು ಕೈಯಿಂದಲೇ ಯಂತ್ರದ ಆಜ್ಞೆಗಳಲ್ಲಿ ಬರೆದಿರುತ್ತಾರೆ. ಅಂಥ ಯಾವ ಭಾಗ ಸೇರಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದು ಇದು. ಪ್ರೊಸೆಸರನ್ನು ಕೇಳಿ ಈ ಸಾಲನ್ನು ಬರೆದುಕೊಡುವ ಚಿಕ್ಕ ಉಪಕರಣವೊಂದು ಜೆಂಟೂದಲ್ಲೇ ಸಿಗುತ್ತದೆ, ಕೈಯಿಂದ ಬರೆಯುವ ಗೋಜೇ ಬೇಡ.

ಇನ್ನು, ವೇಗಕ್ಕಾಗಿ ಕೋಡನ್ನು ಎಷ್ಟು ತಿದ್ದಬೇಕೆಂದು ಕಂಪೈಲರ್‌ಗೆ ಹೇಳುವ ‘ಓ2’, ‘ಓ3’, ‘ಓಫಾಸ್ಟ್’ ಎಂಬ ಮಟ್ಟಗಳು. ಹೊಸದಾಗಿ ಕಲಿತವರ ಕೈ ಮೊದಲು ಹೋಗುವುದು ಕೊನೆಯದಕ್ಕೆ, ಹೆಸರೇ ಹಾಗಿದೆಯಲ್ಲ. ಅಲ್ಲಿ ಒಂದು ಅಪಾಯವಿದೆ, ಅದನ್ನು ಬಿಡಿಸಿ ಹೇಳಲೇಬೇಕು. 32 ಬಿಟ್‌ನ ದಶಮಾಂಶ ಸಂಖ್ಯೆಯಲ್ಲಿ ನಿಖರವಾಗಿ ಹಿಡಿಸುವುದು 24 ಬಿಟ್ ಮಾತ್ರ. ಹಾಗಾಗಿ 1,67,77,216ಕ್ಕೆ 1 ಕೂಡಿದರೆ ಉತ್ತರ ಮತ್ತೆ 1,67,77,216 ಬರುತ್ತದೆ. ಇನ್ನೊಮ್ಮೆ 1 ಕೂಡಿದರೂ ಅಷ್ಟೇ. ಆದರೆ ಮೊದಲು ಎರಡು ಒಂದುಗಳನ್ನು ಕೂಡಿ, ಆ 2ನ್ನು ಸೇರಿಸಿದರೆ 1,67,77,218. ಅದೇ ಮೂರು ಸಂಖ್ಯೆ, ಕೂಡುವ ಸರದಿ ಬದಲಾದರೆ ಉತ್ತರ ಬದಲು. ನಾಲ್ಕು ಸಂಖ್ಯೆಗಳನ್ನು ಒಟ್ಟಿಗೆ ಕೂಡಬೇಕಾದರೆ ಸರದಿ ಬದಲಾಗಲೇಬೇಕು. ಆದ್ದರಿಂದ ‘ಓ2’ ಮಟ್ಟದಲ್ಲಿ ಕಂಪೈಲರ್ ಇಂಥ ಕೂಡಿಕೆಯನ್ನು ಮುಟ್ಟದೆ, ಬರೆದವನ ಸರದಿಯನ್ನೇ ಕಾಯುತ್ತದೆ. ‘ಓಫಾಸ್ಟ್’ ಆ ಕಟ್ಟನ್ನು ಬಿಚ್ಚಿಬಿಡುತ್ತದೆ. ಏನು ಲೆಕ್ಕ ಹಾಕುತ್ತಿದ್ದೇನೆ ಎಂದು ತಿಳಿದವರು ಒಂದು ತಂತ್ರಾಂಶಕ್ಕೆ ಬಳಸಿಕೊಳ್ಳಬಹುದು, ಇಡೀ ವ್ಯವಸ್ಥೆಗೆ ಹಾಕಬಾರದು. ಜೆಂಟೂ ಕೈಪಿಡಿ ‘ಓ2’ ಸಾಕು ಎನ್ನುವುದಕ್ಕೆ ಕಾರಣವಿದೆ. 2022ರ ಜಿಸಿಸಿ 12ರಿಂದ ಈಚೆಗೆ, ಉತ್ತರ ಕೆಡದ ಕಡೆಗಳಲ್ಲಿ ‘ಓ2’ ತಾನೇ ಹಲವು ಸಂಖ್ಯೆಗಳನ್ನು ಒಟ್ಟಿಗೆ ಸಂಸ್ಕರಿಸುವ ಆಜ್ಞೆಗಳನ್ನು ಬಳಸುತ್ತದೆ.

ಇಷ್ಟೆಲ್ಲ ಮಾಡಿದರೆ ಕಂಪ್ಯೂಟರ್ ಎರಡು ಪಟ್ಟು ಓಡುತ್ತದೆಯೇ? ಇಲ್ಲ. ಬ್ರೌಸರ್, ಬರೆಯುವ ತಂತ್ರಾಂಶ, ಕಡತ ತೆರೆಯುವುದು, ಇವುಗಳಲ್ಲಿ ಪ್ರೊಸೆಸರ್ ಬಹುಪಾಲು ಹೊತ್ತು ಡಿಸ್ಕಿಗೋ ಮೆಮೊರಿಗೋ ಇಂಟರ್‌ನೆಟ್‌ಗೋ ಕಾಯುತ್ತಿರುತ್ತದೆ. ಅಲ್ಲಿ ಆಗುವ ಉಳಿತಾಯ ಕಣ್ಣಿಗೆ ಕಾಣದಷ್ಟು. ವೇಗ ನಿಜವಾಗಿ ಬೇಕಾದ ಎಷ್ಟೋ ತಂತ್ರಾಂಶಗಳು ಓಡುವಾಗಲೇ ಪ್ರೊಸೆಸರನ್ನು ಕೇಳಿ ತಕ್ಕ ಭಾಗವನ್ನು ಆರಿಸಿಕೊಳ್ಳುವಷ್ಟು ಜಾಣವಾಗಿವೆ. ಹಳೆಯ ಕನ್ನಡ ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿ ಅಕ್ಷರಕ್ಕಿಳಿಸುವ ಟೆಸರಾಕ್ಟ್ ಅಂಥದ್ದು. ಅದರೊಳಗೆ ಎಸ್‌ಎಸ್‌ಇ 4.1ಕ್ಕೆ ಒಂದು, ಎವಿಎಕ್ಸ್ 2ಕ್ಕೆ ಒಂದು ಎಂದು ಬೇರೆ ಬೇರೆ ಭಾಗಗಳಿವೆ. ಕನ್ನಡದ ಒತ್ತಕ್ಷರವನ್ನು ಗುರುತಿಸಲು ನಡೆಯುವ ಗುಣಾಕಾರಗಳನ್ನು ನಿಮ್ಮ ಯಂತ್ರಕ್ಕೆ ಗೊತ್ತಿರುವ ಅತ್ಯುತ್ತಮ ಆಜ್ಞೆಯಿಂದಲೇ ಮಾಡುತ್ತದೆ, ‘ಎಂಆರ್ಚ್’ ಏನಿದ್ದರೂ ಸರಿ. ಲಾಭ ದೊಡ್ಡದಾಗುವುದು ಶುದ್ಧ ಲೆಕ್ಕಾಚಾರದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಸೂಪರ್ ಕಂಪ್ಯೂಟರ್. ಅದರಲ್ಲಿರುವ ಕ್ಯಾಸ್ಕೇಡ್ ಲೇಕ್ ಪ್ರೊಸೆಸರ್‌ಗಳಿಗೆ ಎವಿಎಕ್ಸ್ 512 ಗೊತ್ತಿದೆ. ಅಂಥ ಯಂತ್ರದಲ್ಲಿ 2003ರ ಮಟ್ಟಕ್ಕೆ ಕಂಪೈಲ್ ಮಾಡಿದ ಹವಾಮಾನದ ಲೆಕ್ಕ ಓಡಿಸಿದರೆ ಪ್ರೊಸೆಸರ್‌ನ ಬಹುಪಾಲು ಸಾಮರ್ಥ್ಯ ಬಳಕೆಯಾಗದೆ ಉಳಿಯುತ್ತದೆ.

ಹಾಗಾದರೆ ಕವಿತಾಳದ ಹುಡುಗನಿಗೆ ಇದರಿಂದ ಏನು? ನನ್ನ ಅಭಿಪ್ರಾಯದಲ್ಲಿ ಇಲ್ಲಿನ ದೊಡ್ಡ ಲಾಭ ವೇಗವಲ್ಲ, ಆಯುಷ್ಯ. ಯಾವುದೋ ಕಂಪನಿ ಮಟ್ಟ ಏರಿಸಿತೆಂದು ಸೋರ್ಸ್‌ನಿಂದ ಕಟ್ಟಿದ ವ್ಯವಸ್ಥೆ ನಿಂತುಹೋಗುವುದಿಲ್ಲ. ಡನ್ನಿಂಗ್ಟನ್‌ನಂಥ ಯಂತ್ರಕ್ಕೂ ಇಂದಿನ, ಭದ್ರತೆಯ ತಿದ್ದುಪಡಿಗಳಿರುವ ತಂತ್ರಾಂಶವನ್ನು ಅದಕ್ಕೆ ಗೊತ್ತಿರುವ ಆಜ್ಞೆಗಳಲ್ಲೇ ತಯಾರಿಸಿಕೊಳ್ಳಬಹುದು. ಕಂಪೈಲ್ ಮಾಡುವ ತಾಳ್ಮೆ ಇಲ್ಲದವರಿಗೆ ಡೆಬಿಯನ್ ಸಾಕು, ಅದೂ 64 ಬಿಟ್‌ನ ಹಳೆಯ ಯಂತ್ರವನ್ನು ಕೈಬಿಡುವುದಿಲ್ಲ. ಆದರೆ ಪ್ರೊಸೆಸರ್ ಎಂದರೇನು ಎಂದು ಕಲಿಯಬೇಕೆನ್ನುವವರಿಗೆ ಜೆಂಟೂಗಿಂತ ಒಳ್ಳೆಯ ಪಾಠಶಾಲೆ ನಾನು ಕಂಡಿಲ್ಲ.

ಕಷ್ಟವೂ ಇದೆ. ಜಿಸಿಸಿಯಂಥ ದೊಡ್ಡ ತಂತ್ರಾಂಶ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಗಂಟೆಗಟ್ಟಲೆ ಕಂಪೈಲ್ ಆಗುತ್ತದೆ. ಒಟ್ಟಿಗೆ ನಡೆಸುವ ಪ್ರತಿ ಕೆಲಸಕ್ಕೆ 2 ಜಿಬಿ ರ್ಯಾಮ್ ಬೇಕೆಂದು ಜೆಂಟೂ ಲೆಕ್ಕ. 8 ಜಿಬಿ ಇದ್ದರೆ ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಬೇಡ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕೋಣೆಯೇ ಅಷ್ಟು ಕಾದಿರುವಾಗ ಗಂಟೆಗಟ್ಟಲೆ ದುಡಿಯುವ ಪ್ರೊಸೆಸರ್ 100 ಡಿಗ್ರಿ ಹತ್ತಿರ ಹೋಗಿ, ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗ ಒಟ್ಟಿಗೆ ನಡೆಸುವ ಕೆಲಸಗಳನ್ನು ಕಡಿಮೆ ಮಾಡುವುದೇ ಜಾಣತನ. ಫ್ಯಾನ್‌ನ ದೂಳು ತೆಗೆಸಿ, ರಾತ್ರಿ ಹೊತ್ತು ಕಂಪೈಲ್‌ಗೆ ಬಿಡಿ. ನಡುವೆ ಕರೆಂಟ್ ಹೋದರೆ ಉಳಿದ ಪಟ್ಟಿಯನ್ನು ಮುಂದುವರಿಸಬಹುದು, ಅರ್ಧವಾಗಿದ್ದ ತಂತ್ರಾಂಶ ಮಾತ್ರ ಮತ್ತೆ ಮೊದಲಿನಿಂದ ಆಗಬೇಕು. 2023ರ ಡಿಸೆಂಬರ್‌ನಿಂದ ಜೆಂಟೂದವರೇ ಸಿದ್ಧ ಕಡತಗಳನ್ನೂ ಕೊಡುತ್ತಿದ್ದಾರೆ. ದೊಡ್ಡವನ್ನು ಅಲ್ಲಿಂದ ತಂದು, ಬೇಕಾದವನ್ನಷ್ಟೇ ಮನೆಯಲ್ಲಿ ಕಂಪೈಲ್ ಮಾಡಿಕೊಳ್ಳಲು ಅಡ್ಡಿಯಿಲ್ಲ.

ಶಾಲೆಯ ಲ್ಯಾಬ್‌ಗಳಿಗೆ ಇನ್ನೂ ಒಳ್ಳೆಯ ದಾರಿ ಇದೆ. ಹತ್ತು ಹಳೆಯ ಕಂಪ್ಯೂಟರ್ ಇದ್ದರೆ ಹತ್ತರಲ್ಲೂ ಕಂಪೈಲ್ ಮಾಡಬೇಕಿಲ್ಲ. ಬಲವಾದ ಒಂದು ಯಂತ್ರದಲ್ಲಿ ಮಾಡಿ, ತಯಾರಾದ ಕಡತಗಳನ್ನು ಪೆನ್ ಡ್ರೈವ್‌ನಲ್ಲೋ ನೆಟ್‌ವರ್ಕ್‌ನಲ್ಲೋ ಉಳಿದವಕ್ಕೆ ಹಂಚಬಹುದು. ಅಲ್ಲಿ ಮಾತ್ರ ‘ನೇಟಿವ್’ ಬರೆಯಲೇಬಾರದು. ಬರೆದರೆ ಕಂಪೈಲರ್ ಬಲವಾದ ಯಂತ್ರವನ್ನೇ ಕೇಳಿ ಅದರ ಎವಿಎಕ್ಸ್ 2 ಸೇರಿಸುತ್ತದೆ, ಹಳೆಯವುಗಳಲ್ಲಿ ಆ ಕಡತಗಳು ಓಡುವುದಿಲ್ಲ. ಹತ್ತೂ ಯಂತ್ರಗಳ ಫ್ಲ್ಯಾಗ್ ಸಾಲುಗಳನ್ನು ಬರೆದುಕೊಂಡು, ಎಲ್ಲಕ್ಕೂ ಸಮಾನವಾಗಿ ಗೊತ್ತಿರುವುದನ್ನು ಹುಡುಕಿ, ಅದನ್ನೇ ಹೆಸರು ಹಿಡಿದು ಬರೆಯಬೇಕು. ಒಂಬತ್ತನೇ ತರಗತಿಯ ಮಕ್ಕಳೂ ಮಾಡಬಹುದಾದ ಕೆಲಸ ಇದು, ಗಣಿತದಲ್ಲಿ ಬರುವ ಗಣಗಳ ಛೇದನವೇ.

ರಾಯಚೂರಿನಲ್ಲಿ 2019ರಲ್ಲಿ ಸ್ಥಾಪನೆಯಾದ ಐಐಐಟಿ ಇದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಓದುವ ಗೆಳೆಯರಲ್ಲಿ ನನ್ನ ಕೇಳಿಕೆ ಇಷ್ಟು: ರಜೆಗೆ ಊರಿಗೆ ಹೋದಾಗ ನೀವು ಓದಿದ ಶಾಲೆಯ ಲ್ಯಾಬ್‌ಗೆ ಒಮ್ಮೆ ಹೋಗಿ. ಮೂಲೆಗೆ ಸರಿಸಿದ ಕಂಪ್ಯೂಟರ್‌ಗಳನ್ನು ಲಿನಕ್ಸ್‌ನ ಪೆನ್ ಡ್ರೈವ್‌ನಿಂದ ಎಬ್ಬಿಸಿ, ‘ಎಲ್‌ಎಸ್‌ಸಿಪಿಯು’ ಓಡಿಸಿ, ಪ್ರತಿಯೊಂದರ ಫ್ಲ್ಯಾಗ್ ಸಾಲನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟು ಶಿಕ್ಷಕರಿಗೆ ಕೊಡಿ. ಆ ಪಟ್ಟಿ ನೋಡದೆ ಒಂದು ಯಂತ್ರವನ್ನೂ ಗುಜರಿಗೆ ಹಾಕಬೇಡಿ ಎಂದು ಅವರಿಗೆ ಹೇಳಿ.